ಐದು ಡಿಸ್ಕಸ್ ಅಕ್ವೇರಿಯಂ ಮೀನಿಗೆ ಹಣ ಪಡೆದು ನಾಲ್ಕನ್ನು ಸಾಯಿಸಿ ಕಳಿಸಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು

ವಿಷಯ: ಡಿಸೆಂಬರ್ 8ರಂದು ನೀವು ರವಾನಿಸಿದ ಐದು ಡಿಸ್ಕಸ್ ಮೀನುಗಳ ಬಗ್ಗೆ ಕೊನೆಯ ದೂರು

ಮಾನ್ಯರೇ,

ಏಳು ಸಲ ಫೋನ್ ಮಾಡಿದೆ, ಮೂರು ಮೇಲ್ ಕಳಿಸಿದೆ, ಎಲ್ಲವನ್ನೂ ತಾಳ್ಮೆಯಿಂದಲೇ. ನಿನ್ನೆ ‘ನಿಮ್ಮ ದೂರು ಇತ್ಯರ್ಥವಾಗಿದೆ, ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ’ ಎಂಬ ಮೆಸೇಜ್ ಬಂತು. ಏನು ಇತ್ಯರ್ಥವಾಯಿತು? ಯಾರ ಜೊತೆ?

ಸೋಮವಾರ ಸಂಜೆ ಆರಕ್ಕೆ ನಿಮ್ಮಲ್ಲಿಂದ ಹೊರಟ ಡಬ್ಬ ಶಿವಮೊಗ್ಗದ ನಮ್ಮ ಮನೆಗೆ ಬಂದದ್ದು ಗುರುವಾರ ಬೆಳಿಗ್ಗೆ ಏಳಕ್ಕೆ. 61 ಗಂಟೆ. ಥರ್ಮೋಕೋಲ್ ಪೆಟ್ಟಿಗೆ, ಹೀಟ್ ಪ್ಯಾಕ್ ಎಂದು 650 ರೂಪಾಯಿ ಬೇರೆ ತೆಗೆದುಕೊಂಡಿದ್ದೀರಿ. ಬಂದದ್ದು ಬರೀ ರಟ್ಟಿನ ಡಬ್ಬ, ಒಳಗೆ ಪೇಪರ್ ಚೂರು. ಸತ್ತ ಮೀನಿನ ಕವರ್ ಬಿಚ್ಚಿ ಥರ್ಮಾಮೀಟರ್ ಇಟ್ಟರೆ 19 ಡಿಗ್ರಿ. ಅಮೆಜಾನ್ ನದಿ ಪ್ರದೇಶದ ಈ ಮೀನಿಗೆ 28ರಿಂದ 30 ಡಿಗ್ರಿ ಬೇಕೆಂದು ಮಾರುವ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ನಾಲ್ಕು ಸತ್ತಿದ್ದವು. ಐದನೆಯದು ಬ್ಲೂ ಡೈಮಂಡ್ ಎಂಬ ತಳಿಯದು. ಫೋಟೋದಲ್ಲಿ ತಿಳಿನೀಲಿಯಾಗಿ ಹೊಳೆಯುತ್ತಿದ್ದ ಮೀನು ಇದ್ದಿಲಿನಂತೆ ಕಪ್ಪಾಗಿ, ಕವರಿನ ಮೂಲೆಗೆ ಮಗ್ಗುಲಾಗಿ ಒರಗಿಕೊಂಡಿತ್ತು. ಕಿವಿರು ಮಾತ್ರ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಎಂಟು ಗಂಟೆಗೆ ಫೋನ್ ಮಾಡಿದೆ. ನಿಮ್ಮ ಸಿಬ್ಬಂದಿ ‘ವಿಡಿಯೋ ಇದೆಯಾ ಸರ್?’ ಎಂದು ಕೇಳಿದರು. ಇತ್ತು. ಟೇಪ್ ಕೀಳುವುದರಿಂದ ಹಿಡಿದು ಎಲ್ಲೂ ಕಟ್ ಇಲ್ಲದ ಆರು ನಿಮಿಷದ ವಿಡಿಯೋ, ನಿಮ್ಮ ಷರತ್ತಿನಂತೆಯೇ. ಕಳಿಸಿದೆ. ‘ಇದ್ರಲ್ಲಿ ಸತ್ತಿದೆ ಅಂತ ಹೇಗೆ ಗೊತ್ತಾಗತ್ತೆ? ಸುಸ್ತಾಗಿರಬಹುದು’ ಅಂದರು. ಅಲ್ಲಾಡ್ತಿಲ್ಲ ಮೇಡಂ, ಕಣ್ಣೆಲ್ಲ ಬೆಳ್ಳಗಾಗಿದೆ ಅಂದೆ. ‘ಹಾಗಾದ್ರೆ ಬಿಳಿ ತಟ್ಟೇಲಿಟ್ಟು, ಪಕ್ಕದಲ್ಲಿ ಇವತ್ತಿನ ಪೇಪರ್ ಇಟ್ಟು, ಒಂದೊಂದರ ಬಾಲ ಕತ್ತರೀಲಿ ಕತ್ತರಿಸಿ ಇನ್ನೊಂದು ವಿಡಿಯೋ ಕಳ್ಸಿ.’

ಫೋನ್ ಸ್ಪೀಕರಿನಲ್ಲಿತ್ತು. ಯೂನಿಫಾರ್ಮ್ ಹಾಕಿ ಸ್ಕೂಲಿಗೆ ಹೊರಟಿದ್ದ ಮಗಳು ಪಕ್ಕದಲ್ಲೇ ನಿಂತಿದ್ದಳು. ಈ ಮೀನಿಗಾಗಿ ಆರು ವಾರ ಕಾದವಳು. ಮೇಜಿನ ಮೇಲಿದ್ದ ಕತ್ತರಿ ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ನನ್ನಿಂದ ಆಗಲ್ಲ ಮೇಡಂ ಅಂದೆ. ‘ಆಗಲ್ಲ ಅಂದ್ರೆ ಕ್ಲೇಮೂ ಆಗಲ್ಲ. ಮೀನು ತಾನೆ ಸರ್, ನಿಮ್ಮನೇಲಿ ಸಾರು ಮಾಡಲ್ವಾ?’ ಆ ಕಡೆ ಇನ್ಯಾರೋ ನಕ್ಕದ್ದೂ ಕೇಳಿಸಿತು. ಮಗಳಿಗೂ ಕೇಳಿಸಿತು.

ಬಾಲ ಕತ್ತರಿಸಬೇಕೆಂಬ ಷರತ್ತು ನಿಮ್ಮ ನಿಯಮದಲ್ಲಿ ಯಾವ ಸಾಲಿನಲ್ಲಿದೆ, ತೋರಿಸಿ.

ಮರುದಿನ ಇನ್ನೊಬ್ಬರು ‘ನಿಮ್ಮ ಟ್ಯಾಂಕಿನ ನೀರೇ ಸರಿಯಿಲ್ಲ’ ಅಂದರು. ಕವರಿನೊಳಗೇ ಸತ್ತ ಮೀನಿಗೂ ನನ್ನ ಟ್ಯಾಂಕಿಗೂ ಏನು ಸಂಬಂಧ? ನಾಲ್ಕಡಿಯ, 255 ಲೀಟರ್ ಟ್ಯಾಂಕ್ ಅದು. ಆರು ವಾರ ಮೀನಿಲ್ಲದೆ ಸೈಕಲ್ ಮಾಡಿ, ಅಂದರೆ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಬೆಳೆಸಿ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆಯೇ ಆರ್ಡರ್ ಮಾಡಿದ್ದು. ಇನ್ನು ನಿಮ್ಮ ಚೀಟಿ: ಕವರ್ ಬಿಚ್ಚಿ ಎರಡು ಗಂಟೆ ಹನಿಹನಿಯಾಗಿ ನೀರು ಬಿಡಿ ಎನ್ನುತ್ತದೆ. ಅಷ್ಟು ಹೊತ್ತು ಮುಚ್ಚಿದ್ದ ಕವರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ (ನೀರಿನ ಆಮ್ಲೀಯತೆ ಹೆಚ್ಚಿರುತ್ತದೆ), ಅದರಿಂದ ಮೀನೇ ಹೊರಬಿಟ್ಟ ಅಮೋನಿಯಾದ ವಿಷವೂ ತಗ್ಗಿರುತ್ತದೆ. ಬಿಚ್ಚಿದರೆ ಪಿಎಚ್ ಏರುತ್ತದೆ, ವಿಷವೂ ಏರುತ್ತದೆ. ಆ ನೀರಿನಲ್ಲೇ ಎರಡು ಗಂಟೆ ಇಟ್ಟಿದ್ದರೆ ಐದನೆಯದೂ ಹೋಗುತ್ತಿತ್ತು. ಕವರ್ ಮುಚ್ಚಿಟ್ಟೇ ಟ್ಯಾಂಕಿನಲ್ಲಿ ತೇಲಿಸಿ, ಬೆಚ್ಚಗಾದೊಡನೆ ಬಿಚ್ಚಿ ಬಿಟ್ಟದ್ದರಿಂದ ಅದು ಉಳಿಯಿತು. ಗುಂಪಿನಲ್ಲಿ ಬಾಳುವ ಮೀನು, ಈಗ ಒಂಟಿಯಾಗಿ ಸ್ಪಂಜ್ ಫಿಲ್ಟರಿನ ಹಿಂದೆ ಅಡಗಿರುತ್ತದೆ. ಮೀನಿಗೆ ಹಾಕುವ ಕೆಂಪು ಹುಳು ಬ್ಲಡ್‌ವರ್ಮ್ ಹಾಕಿದರೂ ಮೂಸುವುದಿಲ್ಲ.

ಬದಲಿ ಮೀನು ಬೇಡ. ಇನ್ನಷ್ಟು ಜೀವಗಳು ನಿಮ್ಮ ರಟ್ಟಿನ ಡಬ್ಬದಲ್ಲಿ ಬರುವುದು ಬೇಡ. ಐದು ಮೀನಿನ 7,000 ಮತ್ತು ಪ್ಯಾಕಿಂಗಿನ 650, ಒಟ್ಟು 7,650 ರೂಪಾಯಿ ವಾಪಸ್ ಕೊಡಿ. 2020ರ ಇ-ಕಾಮರ್ಸ್ ನಿಯಮದಂತೆ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಮೊದಲನೆಯದನ್ನು ಆಗಲೇ ಮುರಿದಿದ್ದೀರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎಷ್ಟು ಸಲ ಓಡಾಡಬೇಕಾದರೂ ಓಡಾಡುತ್ತೇನೆ. ಡಿಸೆಂಬರ್ 11ರ ಬೆಳಗಿನ ಕರೆ ನನ್ನ ಫೋನಿನಲ್ಲಿ ರೆಕಾರ್ಡ್ ಆಗಿದೆ. ಅದನ್ನು ಆಯೋಗದ ಮುಂದೆ ಪೂರ್ತಿ ಕೇಳಿಸುತ್ತೇನೆ, ಆ ನಗುವಿನ ಸಮೇತ.

ಇಂತಿ,
ನಿಮ್ಮ ಗ್ರಾಹಕ, ಶಿವಮೊಗ್ಗ