ಗ್ರಾಫಿಕ್ಸ್ ಕಾರ್ಡ್ ಸರಿ, ಎಸ್‌ಎಂಪಿಎಸ್ ಯಾವುದು?

ಸಂಪಾದಕರೇ,

ಹಳೇ ಡೆಸ್ಕ್‌ಟಾಪಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡರೆ ವಿಡಿಯೊ ಎಡಿಟಿಂಗಿಗೂ ಗೇಮಿಗೂ ಸಾಕು, ಹೊಸ ಸಿಸ್ಟಂ ಬೇಕಿಲ್ಲ ಎಂದು ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದಿತ್ತು. ಮಾತು ನಿಜ. ಆದರೆ ಅಷ್ಟುದ್ದದ ಲೇಖನದಲ್ಲಿ ಎಸ್‌ಎಂಪಿಎಸ್ ಬಗ್ಗೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಹಂಚುವ ಡಬ್ಬಿಯ ಬಗ್ಗೆ, ಒಂದು ಸಾಲೂ ಇರಲಿಲ್ಲ. ನಾನು ದಾವಣಗೆರೆಯಲ್ಲಿ ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿಗಳ ಕಂಪ್ಯೂಟರ್ ರಿಪೇರಿ ಮಾಡುವವನು. ಲೇಖನ ಓದಿ ಕಾರ್ಡ್ ತಂದವರು ಆಮೇಲೆ ಬಂದು ನಿಲ್ಲುವುದು ನನ್ನಂಥವರ ಟೇಬಲ್ ಮುಂದೆಯೇ. ಅದಕ್ಕೇ ಈ ಪತ್ರ.

ಮದುವೆ ಸೀಸನ್ನಿನಲ್ಲಿ ಇದು ಮಾಮೂಲಿ ಕಥೆ. ಸ್ಟುಡಿಯೊದವರು ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋಗಿ ಒಂದು ಆರ್‌ಟಿಎಕ್ಸ್ 3060 ಕಾರ್ಡ್ ತರುತ್ತಾರೆ. ಕ್ಯಾಬಿನೆಟ್ ಜತೆ ಪುಕ್ಕಟೆ ಬಂದ ಹಳೇ ಎಸ್‌ಎಂಪಿಎಸ್ ಹಾಗೇ ಇರುತ್ತೆ. ಕಾರ್ಡ್ ಸ್ಲಾಟಿನಲ್ಲಿ ಕೂರುತ್ತೆ, ಡ್ರೈವರ್ ಹಾಕಿದ್ದಾಯ್ತು, ಸ್ಕ್ರೀನ್ ಬಂತು. ಕ್ಲಿಪ್ಪುಗಳನ್ನು ಕತ್ತರಿಸಿ ಜೋಡಿಸುವವರೆಗೆ ಏನೂ ತೊಂದರೆ ಇಲ್ಲ. ಪೂರ್ತಿ ವಿಡಿಯೊ ಫೈಲ್ ಮಾಡಲು ಎಕ್ಸ್‌ಪೋರ್ಟ್ ಕೊಟ್ಟ ಕೂಡಲೇ ಟಪ್ ಅಂತ ಆಫ್. ಆಮೇಲೆ ಶುರು ನೋಡಿ: ಒಬ್ಬರು ವಿಂಡೋಸ್ ಹೊಸದಾಗಿ ಹಾಕುತ್ತಾರೆ, ಇನ್ನೊಬ್ಬರು ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜುತ್ತಾರೆ, ಮೂರನೆಯವರು ಕಾರ್ಡೇ ಡಿಫೆಕ್ಟ್ ಎಂದು ಬಸ್ಸಿನಲ್ಲಿ ವಾಪಸ್ ಕಳಿಸುತ್ತಾರೆ. ಎಸ್‌ಎಂಪಿಎಸ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನೋಡಿದರೂ ಅದನ್ನು ಹೊರಗೆ ತೆಗೆದು, ಆನ್ ಮಾಡಲು ಅದರ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ತಂತಿ ಸಿಕ್ಕಿಸಿ, ಫ್ಯಾನ್ ತಿರುಗಿತು, ಸರಿ ಇದೆ ಎಂದು ಕೈ ತೊಳೆದುಕೊಳ್ಳುತ್ತಾರೆ. ಲೋಡೇ ಇಲ್ಲದೆ ಫ್ಯಾನ್ ತಿರುಗಿದರೆ ಅದರಿಂದ ಏನು ಗೊತ್ತಾಗುತ್ತೆ?

ಡಬ್ಬಿಯ ಮೇಲಿನ ಸ್ಟಿಕರ್ ಓದಿದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತೆ. ದಪ್ಪಕ್ಷರದ 450 ವಾಟ್ ಬಿಡಿ. ಕೆಳಗೆ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟ್ ಎಂದಿರುವ ಕಡೆ ಎಷ್ಟು ಆಂಪಿಯರ್ ಇದೆ ನೋಡಿ. ಅಗ್ಗದ್ದರಲ್ಲಿ 16 ಆಂಪಿಯರ್ ಎಂದು ಬರೆದಿರುವುದುಂಟು. ಹನ್ನೆರಡರಿಂದ ಗುಣಿಸಿ: 192 ವಾಟ್. ಕಾರ್ಡಿಗೂ ಪ್ರೊಸೆಸರಿಗೂ ಹೋಗುವುದು ಈ 12 ವೋಲ್ಟಿನ ಕರೆಂಟೇ. ಆರ್‌ಟಿಎಕ್ಸ್ 3060 ಒಂದೇ 170 ವಾಟ್ ಕೇಳುತ್ತೆ, 65 ವಾಟಿನ ಪ್ರೊಸೆಸರ್ ಸೇರಿದರೆ 235. ಅದೂ ಸರಾಸರಿ ಲೆಕ್ಕ. ಕಾರ್ಡ್ ಕೆಲವು ಮಿಲಿಸೆಕೆಂಡ್ ಇದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತೆ, ಆ ಹೊತ್ತಿಗೇ ಎಸ್‌ಎಂಪಿಎಸ್ ಕೈ ಎತ್ತಿಬಿಡುತ್ತೆ. ಒಳ್ಳೆಯ 550 ವಾಟಿನದರಲ್ಲಿ 12 ವೋಲ್ಟಿಗೆ 45 ಆಂಪಿಯರ್ ಆಸುಪಾಸು ಇರುತ್ತೆ. ವ್ಯತ್ಯಾಸ ನೋಡಿ!

ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವಾಟ್. ಎಸ್‌ಎಂಪಿಎಸ್‌ನಿಂದ ನೇರ ಕಾರ್ಡಿಗೆ ಬರುವ ಆರು ಪಿನ್ನಿನ ವೈರ್ ಇನ್ನೊಂದು 75, ಎಂಟು ಪಿನ್ನಿನದು 150. ಹಳೇ ಎಸ್‌ಎಂಪಿಎಸ್‌ನಲ್ಲಿ ಈ ವೈರೇ ಇರುವುದಿಲ್ಲ. ಆಗ ಅಂಗಡಿಯವರು ಚಿಲ್ಲರೆ ದುಡ್ಡಿಗೆ ಒಂದು ಕನ್ವರ್ಟರ್ ಕೊಡುತ್ತಾರೆ, ಹಾರ್ಡ್‌ಡಿಸ್ಕಿನ ಸಾಟಾ ವೈರಿಗೆ ಸಿಕ್ಕಿಸಿದರೆ ಆ ಕಡೆ ಆರು ಪಿನ್ನೋ ಎಂಟು ಪಿನ್ನೋ ಬರುವಂಥದ್ದು. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 4.5 ಆಂಪಿಯರ್, ಅಂದರೆ 54 ವಾಟ್ ಅಷ್ಟೇ. ಅದರಿಂದ 150 ಎಳೆದರೆ ಏನಾಗಬೇಕೋ ಅದೇ ಆಗುತ್ತೆ. ಹಳದಿ ವೈರಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಕರಗಿ ಪಿನ್ನಿಗೆ ಅಂಟಿಕೊಂಡಿರುವುದನ್ನು ಇಕ್ಕಳ ಹಾಕಿ ಬಿಡಿಸಿದ್ದೇನೆ. ಇಂಥ ಕನ್ವರ್ಟರನ್ನು ಗ್ರಾಫಿಕ್ಸ್ ಕಾರ್ಡಿಗೆಂದು ಮಾರುವುದನ್ನೇ ನಿಲ್ಲಿಸಬೇಕು ಅಂತ ನನ್ನ ಅಭಿಪ್ರಾಯ.

ವೈರ್ ಕಳಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ತಗೊಂಡವರು ಹಳೆಯದರ ವೈರನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ. ತಪ್ಪು ಪಿನ್ನಿಗೆ ತಪ್ಪು ವೋಲ್ಟೇಜ್ ಹೋಗಿ ಹಾರ್ಡ್‌ಡಿಸ್ಕ್ ಸುಟ್ಟರೆ ಮದುವೆ ಫೂಟೇಜ್ ಪೂರ್ತಿ ಹೋಯ್ತು.

ಇನ್ನು ನಮ್ಮೂರುಗಳ ಸಂಗತಿ ಬೇರೆ. ಇಲ್ಲಿ ಡೆಸ್ಕ್‌ಟಾಪ್ ಅಂದರೆ ಪಕ್ಕದಲ್ಲಿ ಯುಪಿಎಸ್ ಇರಲೇಬೇಕು. ಮನೆಗಳಲ್ಲಿರುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು ಸುಮಾರು 360 ವಾಟ್, ಅದೂ ಬ್ಯಾಟರಿ ಹೊಸದಿದ್ದಾಗ. ಮಾನಿಟರ್ ಕೂಡ ಅದರಲ್ಲೇ. ದೊಡ್ಡ ಕಾರ್ಡ್ ಹಾಕಿ ಎಕ್ಸ್‌ಪೋರ್ಟ್ ನಡೆಯುವಾಗ ಕರೆಂಟ್ ಹೋದರೆ ಯುಪಿಎಸ್ ಒಮ್ಮೆ ಕಿರುಚಿ ಮಲಗುತ್ತೆ. ಅರ್ಥಿಂಗ್ ಸರಿಯಿಲ್ಲದ ಕಡೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಲ್ವಾ, ಅದಕ್ಕೆ ಹೊಸ ಎಸ್‌ಎಂಪಿಎಸ್ ಮದ್ದಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಹಾಗಂತ ಎಲ್ಲರಿಗೂ 850 ವಾಟಿನದು ಬೇಕಿಲ್ಲ. ಈಚೆಗೆ ಅದೊಂದು ಶುರುವಾಗಿದೆ, ಕೇಳಿದವರಿಗೆಲ್ಲ 850 ಕಟ್ಟುವುದು. ಆರ್‌ಟಿಎಕ್ಸ್ 4060 ಎಳೆಯುವುದು 115 ವಾಟ್, ಅದರ ಚಿಪ್ ಕಂಪನಿ ಎನ್‌ವಿಡಿಯಾ ಅದಕ್ಕೆ ಹೇಳಿರುವುದು 550 ವಾಟಿನ ಎಸ್‌ಎಂಪಿಎಸ್. ಗೋಲ್ಡ್, ಬ್ರಾಂಜ್ ಎಂಬ ಸ್ಟಿಕರುಗಳೂ ಅಷ್ಟೇ. ಆ ಸ್ಟಿಕರಿನಲ್ಲಿರುವ 80 ಪ್ಲಸ್ ಅನ್ನುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪೋಲಾಗದೆ ಒಳಗೆ ಹೋಗುತ್ತೆ ಎಂಬ ಅಳತೆ, ಒಳಗಿನ ಸಾಮಾನು ಎಷ್ಟು ವರ್ಷ ಬಾಳುತ್ತೆ ಅಂತಲ್ಲ. ನಾನು ಮೊದಲು ನೋಡುವುದು ವಾರಂಟಿ. ನಂಬಿಕೆ ಇದ್ದ ಕಂಪನಿಗಳು 5 ವರ್ಷ ಕೊಡುತ್ತವೆ, ಕೆಲವು 10 ವರ್ಷವೂ ಉಂಟು.

ಬೆಂಗಳೂರಿನ ಆಫೀಸುಗಳಿಂದ ಹೊರಬಿದ್ದು ಕಡಿಮೆ ಬೆಲೆಗೆ ಸಿಗುವ ತೆಳು ಬ್ರಾಂಡೆಡ್ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಒಂದು ಮಾತು. ಅದರ ಎಸ್‌ಎಂಪಿಎಸ್ ಆಕಾರವೂ ಬೇರೆ, ಎಷ್ಟೋ ಸಲ ಮದರ್‌ಬೋರ್ಡಿಗೆ ಹೋಗುವ ವೈರಿನ ಪಿನ್ನೂ ಬೇರೆ. ಮಾರ್ಕೆಟ್ಟಿನ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ. ಅಂಥದ್ದಕ್ಕೆ ಬೇರೆ ವೈರೇ ಬೇಡದ ಕಾರ್ಡ್ ನೋಡಿ. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಕೇಳುವುದು 70 ವಾಟ್, ಅದರಲ್ಲಿ ಗಿಡ್ಡ ಮಾದರಿಯೂ ಸಿಗುತ್ತೆ. ಅದೇ ಹೆಸರಿನ 8 ಜಿಬಿಯದು 130 ವಾಟ್, ಅದಕ್ಕೆ ವೈರ್ ಬೇಕೇ ಬೇಕು. ಹೆಸರೊಂದೇ ನೋಡಿ ಕೊಂಡರೆ ಇಲ್ಲೇ ಮೋಸ ಹೋಗುವುದು.

ಅಂಗಡಿಯವರಿಗೆ ನನ್ನ ಕೋರಿಕೆ ಇಷ್ಟೇ. ಬಿಲ್ಲಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಎಲ್ಲ ಬರೆಯುತ್ತೀರಿ. ಅದರ ಕೆಳಗೆ ‘ಎಸ್‌ಎಂಪಿಎಸ್ 450 ವಾಟ್, 1’ ಎಂದು ಬರೆದು ಮುಗಿಸುತ್ತೀರಿ. ಕಂಪನಿ ಯಾವುದು, 12 ವೋಲ್ಟಿಗೆ ಎಷ್ಟು ಆಂಪಿಯರ್, ಅದನ್ನೂ ಬರೆಯಿರಿ. ಗಿರಾಕಿಗಳೂ ಕೇಳಬೇಕು. ಕೇಳಿದರೂ ಬರೆದುಕೊಡದ ಅಂಗಡಿಯಲ್ಲಿ ಯಾಕೆ ತಗೋಬೇಕು?

ನಿಮ್ಮಲ್ಲೂ ಒಂದು ವಿನಂತಿ, ಸಂಪಾದಕರೇ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಕಾರ್ಡಿನ ಬೆಲೆಗೆ ಒಂದು ಒಳ್ಳೆಯ ಎಸ್‌ಎಂಪಿಎಸ್ ಬೆಲೆಯನ್ನೂ ಕೂಡಿಸಿ, ಒಟ್ಟು ಮೊತ್ತವನ್ನೇ ಅಚ್ಚು ಹಾಕಿ. ಆ ಮೊತ್ತ ನೋಡಿ ಕೆಲವರು ಒಂದು ಮೆಟ್ಟಿಲು ಕೆಳಗಿನ ಕಾರ್ಡ್ ತಗೋಬಹುದು, ಇನ್ನು ಕೆಲವರು ಆರು ತಿಂಗಳು ತಡೆಯಬಹುದು. ಎರಡೂ ಒಳ್ಳೆಯದೇ.

– ಕಂಪ್ಯೂಟರ್ ರಿಪೇರಿಯವ, ದಾವಣಗೆರೆ