ಹನ್ನೊಂದು ಗಂಟೆಗೆ ಹೊರಗೆ ಹೋಗು

ಚಿ. ಪುಟ್ಟನಿಗೆ ಸಾಗರದಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಡಿಕೆ ಕೊಯ್ಲು ಶುರುವಾಗಿದೆ, ಮಾವನಿಗೆ ಅಂಗಳ ಬಿಟ್ಟರೆ ಬೇರೆ ಲೋಕವಿಲ್ಲ. ನಿನ್ನ ವಿಷಯವನ್ನು ಅತ್ತಿಗೆ ಫೋನಿನಲ್ಲಿ ಹೇಳಿದರು. ಹತ್ತು ಹನ್ನೊಂದು ಗಂಟೆ ಮಲಗಿದರೂ ಸುಸ್ತು ಹೋಗುತ್ತಿಲ್ಲವಂತೆ. ಬೆಳಗಿನ ಕ್ಲಾಸು ತಪ್ಪುತ್ತಿದೆಯಂತೆ. ಅಡುಗೆ ಬಿಟ್ಟು ಬ್ರೆಡ್ಡು, ಚಿಪ್ಸು, ಚಾಕೊಲೇಟಿನಲ್ಲೇ ದಿನ ತಳ್ಳುತ್ತಿದ್ದೀಯಂತೆ. ಗೆಳೆಯರು ಕರೆದರೆ ಏನಾದರೂ ನೆಪ ಹೇಳುತ್ತೀಯಂತೆ. ಓದು ಬಿಟ್ಟು ವಾಪಸ್ ಬಂದುಬಿಡುತ್ತೇನೆ ಅಂತಲೂ ಅಂದೆಯಂತೆ. ಅದಕ್ಕೆ ಅಣ್ಣ, "ಮನಸ್ಸು ಗಟ್ಟಿ ಮಾಡ್ಕೋ, ನಾವು ಮಲೆನಾಡಿನ ಮಳೆಗಾಲ ಕಂಡವರು, ಇದೇನು ಮಹಾ" ಅಂದರಂತೆ.

ಅಣ್ಣ ಪ್ರೀತಿಯಿಂದಲೇ ಅಂದಿದ್ದಾರೆ. ಆದರೆ ಅವರಿಗೆ ಸ್ವೀಡನ್ನಿನ ಕತ್ತಲು ಗೊತ್ತಿಲ್ಲ. ನಾನೂ ಮಾವನೂ ಅಲ್ಲಿನ ಉಪ್ಸಾಲಾದಲ್ಲಿ ವರ್ಷಗಟ್ಟಲೆ ಇದ್ದವರು. ಅದು ನೀನು ಓದುತ್ತಿರುವ ಉಮೆಯೊ ಊರಿಗಿಂತ ಎಷ್ಟೋ ದಕ್ಷಿಣಕ್ಕಿದೆ. ಅಲ್ಲೇ ನವೆಂಬರ್ ಬಂತೆಂದರೆ ಗಟ್ಟಿಮುಟ್ಟಾದ ಜನರೂ ಮಂಕಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸದೆ, ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ನೀನೂ ನಿಧಾನವಾಗಿ ಓದು.

ಪುಟ್ಟಾ, ನೀನು ಸೋಮಾರಿಯಾಗಿಲ್ಲ. ನಿನ್ನ ಮೈಗೆ ಬೆಳಕು ಸಾಲುತ್ತಿಲ್ಲ.

ಲೆಕ್ಕ ಹಾಕಿ ನೋಡು. ಉಮೆಯೊ ಇರುವುದು ಸುಮಾರು 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಮ್ಮ ಸಾಗರ 14ರಲ್ಲಿ. ಡಿಸೆಂಬರಿನ ಅತಿ ಚಿಕ್ಕ ಹಗಲು ಕೂಡ ಇಲ್ಲಿ 11 ಗಂಟೆಗಿಂತ ಜಾಸ್ತಿ. ಅಲ್ಲಿ 4 ಗಂಟೆ ಚಿಲ್ಲರೆ. ಬೆಳಗ್ಗೆ ಒಂಬತ್ತೂವರೆ ಹತ್ತಿರ ಹುಟ್ಟಿದ ಸೂರ್ಯ ಮಧ್ಯಾಹ್ನ ಎರಡರೊಳಗೆ ಮುಳುಗಿರುತ್ತಾನೆ. ಇದ್ದಷ್ಟು ಹೊತ್ತೂ ದಿಗಂತದಿಂದ 3 ಡಿಗ್ರಿ ಕೂಡ ಮೇಲೇಳುವುದಿಲ್ಲ. ಹುಟ್ಟಿದಾಗಿನಿಂದ ಹನ್ನೊಂದು, ಹನ್ನೆರಡು, ಹದಿಮೂರು ಗಂಟೆಯ ಹಗಲಿಗೆ ಒಗ್ಗಿದ ಮೈ ನಿನ್ನದು. ಅದು ಗಲಿಬಿಲಿ ಆಗದೆ ಇರುತ್ತದೆಯೇ?

ನಮ್ಮ ತಲೆಯೊಳಗೆ ಒಂದು ಗಡಿಯಾರ ಇದೆ. ಕಣ್ಣಿಗೆ ಬೀಳುವ ಬೆಳಗಿನ ಬೆಳಕು ಅದನ್ನು ದಿನಾ ಸರಿಮಾಡುತ್ತದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹರಿಯುತ್ತದೆ, ಈಗ ರಾತ್ರಿ ಅಂತ ಮೈಗೆ ಹೇಳುತ್ತದೆ. ಬೆಳಕು ಬಿದ್ದಾಗ ಅದು ನಿಲ್ಲಬೇಕು. ಬೆಳಗ್ಗೆ ಎಂಟಕ್ಕೂ ಕಿಟಕಿಯಾಚೆ ಕತ್ತಲೆಯೇ ಇದ್ದರೆ ನೀನು ಎದ್ದು ಓಡಾಡುತ್ತಿದ್ದರೂ ಮೈಗೆ ಇನ್ನೂ ರಾತ್ರಿ. ಆ ಜಡ, ಸಿಹಿ ಮತ್ತು ಬ್ರೆಡ್ಡಿನ ಹಂಬಲ, ಯಾರೂ ಬೇಡ ಅನ್ನಿಸುವುದು, ಎಲ್ಲದಕ್ಕೂ ಇದರ ನಂಟಿದೆ. ಸಾಮಾನ್ಯವಾಗಿ ಮನಸ್ಸು ಕುಗ್ಗಿದವರಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಅನ್ನುತ್ತೇವಲ್ಲ, ಚಳಿಗಾಲದ ಖಿನ್ನತೆಯಲ್ಲಿ ಹೆಚ್ಚಾಗಿ ಅದರ ಉಲ್ಟಾ. ನಿದ್ದೆಯೂ ಜಾಸ್ತಿ, ತಿನ್ನುವುದೂ ಜಾಸ್ತಿ. ಹಾಗಾಗಿ ನೋಡಿದವರಿಗೆ ಅದು ಆಲಸ್ಯದ ಹಾಗೆ ಕಾಣುತ್ತದೆ. ನಮಗೇ ನಮ್ಮ ಬಗ್ಗೆ ಹಾಗನ್ನಿಸಲು ಶುರುವಾಗುತ್ತದೆ. ನನಗೆ ಹೆಚ್ಚು ಸಂಕಟ ಆಗುವುದು ಅದಕ್ಕೇ.

ಇದನ್ನು ಒಂದು ಕಾಯಿಲೆ ಅಂತ ಗುರುತಿಸಿದವರು ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು. ಅವರೂ ನಿನ್ನ ಹಾಗೆ ಬಿಸಿಲಿನ ನಾಡಿನವರು. ದಕ್ಷಿಣ ಆಫ್ರಿಕಾದಿಂದ 1976ರಲ್ಲಿ ನ್ಯೂಯಾರ್ಕ್‌ಗೆ ಹೋದವರು. ಅಲ್ಲಿನ ಚಳಿಗಾಲದಲ್ಲಿ ತಮ್ಮ ಚುರುಕೆಲ್ಲ ಇಳಿದುಹೋಗಿ ವಸಂತದಲ್ಲಿ ಮತ್ತೆ ಬರುವುದನ್ನು ಗಮನಿಸಿದರು. 1984ರಲ್ಲಿ ಅವರು ಮತ್ತು ಜೊತೆಯವರು ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ನ್ಯೂಯಾರ್ಕ್ ಇರುವುದು 40 ಡಿಗ್ರಿಯ ಹತ್ತಿರ ಅಷ್ಟೇ. ಅಲ್ಲಿಯೇ ಒಬ್ಬ ಡಾಕ್ಟರಿಗೆ ಹಾಗಾಗಿತ್ತು ಅಂದರೆ, 64ರಲ್ಲಿ ಕೂತ ನೀನು ನಿನ್ನನ್ನು ಬೈದುಕೊಳ್ಳುವುದು ಸರಿಯಾ?

ಅಣ್ಣ ಹೇಳಿದ ಮಳೆಗಾಲದ ಮಾತಿಗೂ ಬರುತ್ತೇನೆ. ಹೌದು, ಆಷಾಢದಲ್ಲಿ ನಮ್ಮಲ್ಲೂ ವಾರಗಟ್ಟಲೆ ಬಿಸಿಲು ಬರುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಗೋಡೆಯೆಲ್ಲ ಬೂಸಲು, ಮನಸ್ಸಿಗೂ ಬೇಜಾರು. ಆದರೆ ಮೋಡ ಕವಿದರೂ ನಮ್ಮ ಅಂಗಳದಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ (ಲಕ್ಸ್ ಅಂದರೆ ಬೆಳಕಿನ ಅಳತೆ). ನಿನ್ನ ಹಾಸ್ಟೆಲ್ ಕೋಣೆಯ ದೀಪ ಎಷ್ಟೇ ಪ್ರಕಾಶವಾಗಿ ಕಂಡರೂ ಕೆಲವು ನೂರು ಲಕ್ಸ್ ದಾಟುವುದು ಕಷ್ಟ. ಕಣ್ಣು ಹೊಂದಿಕೊಂಡುಬಿಡುತ್ತದೆ, ಹಾಗಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ ಇದೆ. ನಿನ್ನ ಅಜ್ಜಿ ಎಂಥ ಜಡಿಮಳೆಯಲ್ಲೂ ಐದು ಗಂಟೆಗೆ ಏಳುತ್ತಿದ್ದರು. ಮನಸ್ಸು ಚೆನ್ನಾಗಿತ್ತು ಅಂತ ಎದ್ದದ್ದಲ್ಲ. ಕೊಟ್ಟಿಗೆಯಲ್ಲಿ ಹಸು ಕಾಯುತ್ತಿತ್ತು, ಬಚ್ಚಲೊಲೆಗೆ ಬೆಂಕಿ ಹಾಕಬೇಕಿತ್ತು, ಕಂಬಳಿ ಕೊಪ್ಪೆ ಹೊದ್ದು ತೋಟಕ್ಕೊಂದು ಸುತ್ತು ಹೋಗಿ ಬರಬೇಕಿತ್ತು. ಅಷ್ಟು ಮುಗಿಯುವ ಹೊತ್ತಿಗೆ ಮೈ ಬಿಸಿಯಾಗಿ, ಹಸಿವಾಗಿ, ದಿನ ತಾನಾಗಿಯೇ ಶುರುವಾಗಿರುತ್ತಿತ್ತು. ನಿನ್ನನ್ನು ಎಬ್ಬಿಸಲು ಅಲ್ಲಿ ಹಸುವಿಲ್ಲ, ಒಲೆಯಿಲ್ಲ. ಬೆಳಕೂ ಇಲ್ಲ. ಹಾಗಾಗಿ ಆ ಕಟ್ಟುಪಾಡನ್ನು ನೀನೇ ಮಾಡಿಕೊಳ್ಳಬೇಕು.

ನಮ್ಮೂರಿನ ಲೆಕ್ಕದಲ್ಲಿ ಬೆಳಗ್ಗೆ ಆರಕ್ಕೆ ವಾಕಿಂಗ್ ಹೋಗು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಆರಕ್ಕೆ ಹೋದರೂ ಎಂಟಕ್ಕೆ ಹೋದರೂ ಅಲ್ಲಿ ಕತ್ತಲೇ. ಅಲ್ಲಿ ಬೆಳಕಿನ ಹೊತ್ತು ಅಂದರೆ ಹತ್ತರಿಂದ ಒಂದೂವರೆ. ಆ ಹೊತ್ತಿನಲ್ಲಿ ನೀನು ಕ್ಲಾಸಿನಲ್ಲೋ ಲೈಬ್ರರಿಯಲ್ಲೋ ಇರುತ್ತೀಯ, ಹೊರಗೆ ಬರುವಷ್ಟರಲ್ಲಿ ಹಗಲು ಮುಗಿದಿರುತ್ತದೆ. ಅದಕ್ಕೇ ಹೇಳುವುದು, ಹನ್ನೊಂದು ಗಂಟೆಗೆ ಹೊರಗೆ ಹೋಗು. ಹನ್ನೊಂದಕ್ಕೆ ಕ್ಲಾಸಿದ್ದರೆ ಹನ್ನೆರಡಕ್ಕೆ ಹೋಗು. ಊಟದ ಬಿಡುವಿನಲ್ಲಿ ಕ್ಯಾಂಟೀನಿನಲ್ಲಿ ಫೋನ್ ನೋಡುತ್ತಾ ಕೂರುವ ಬದಲು ಅರ್ಧ ಗಂಟೆ ಬಯಲಲ್ಲಿ ನಡೆ. ಕ್ಯಾಂಪಸ್ಸಿನ ಕೊಳದ ಸುತ್ತ ನಡೆದರೂ ಆಯಿತು, ರಜೆಯ ದಿನ ನೀದಾಲಾ ಕೆರೆಯ ಕಡೆ ಹೋದರೆ ಇನ್ನೂ ಒಳ್ಳೆಯದು. ಮೋಡ ಇದೆ ಅಂತ ಬಿಡಬೇಡ. ಹಿಮ ಬಿದ್ದಿದ್ದರಂತೂ ಇದ್ದ ಚೂರು ಬೆಳಕನ್ನೂ ಅದು ವಾಪಸ್ ಎಸೆಯುತ್ತದೆ, ಊರೇ ಸ್ವಲ್ಪ ಬೆಳ್ಳಗಾಗುತ್ತದೆ. ಹಿಮ ಬೀಳುವ ಮುಂಚಿನ ಆ ಕಪ್ಪು ನವೆಂಬರ್ ಇದೆಯಲ್ಲ, ನನ್ನ ಪ್ರಕಾರ ವರ್ಷದ ಅತಿ ಕಷ್ಟದ ತಿಂಗಳು ಅದೇ. ಅದನ್ನು ನೀನು ದಾಟಿ ಆಗಿದೆ.

ಇನ್ನು ಬೆಳಗ್ಗೆಗೆ ದೀಪ. ಲೈಟ್ ಥೆರಪಿ ದೀಪ ಅಂತಲೇ ಮಾರುತ್ತಾರೆ. 10,000 ಲಕ್ಸ್ ಕೊಡುವಂಥದ್ದು, ಯುವಿ ಕಿರಣ ತಡೆಯುವಂಥದ್ದು ನೋಡಿ ತಗೋ. ಎದ್ದ ಒಂದು ಗಂಟೆಯೊಳಗೆ, ದೀಪ ತಯಾರಿಸಿದವರು ಹೇಳಿದಷ್ಟು ದೂರದಲ್ಲಿಟ್ಟು, ಅರ್ಧ ಗಂಟೆ ಅದರ ಮುಂದೆ ಕೂರು. ದೀಪವನ್ನೇ ದಿಟ್ಟಿಸಬೇಕಾಗಿಲ್ಲ. ಕಾಫಿ ಕುಡಿ, ಪೇಪರ್ ಓದು, ಬೆಳಕು ಕಣ್ಣಿಗೆ ಬೀಳುತ್ತಿದ್ದರೆ ಸಾಕು. ಸಂಜೆ ಮಾತ್ರ ಹಾಕಬೇಡ, ನಿದ್ದೆ ಕೆಡುತ್ತದೆ. ಕಣ್ಣಿನ ಕಾಯಿಲೆ ಇರುವವರು, ಬೈಪೋಲಾರ್ ಅಂದರೆ ಮನಸ್ಸು ತೀರಾ ಏರಿಳಿಯುವ ತೊಂದರೆ ಇರುವವರು, ಕೆಲವು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು. ನೀನೂ ಒಂದು ಸಲ ಕೇಳಿಯೇ ಶುರುಮಾಡು. ಒಂದೇ ದಿನಕ್ಕೆ ಪವಾಡ ಆಗುವುದಿಲ್ಲ, ಎರಡು ವಾರ ಬಿಡದೆ ಮಾಡಿ ನೋಡು.

ದೀಪದ ಮುಂದೆ ಕೂರಲು ನಾಚಿಕೆ ಬೇಡ. ನಿನ್ನ ಉಮೆಯೊ ಊರೇ ಇದನ್ನು ಬೀದಿಗೆ ತಂದಿತ್ತು. 2012ರಲ್ಲಿ ಅಲ್ಲಿನ ವಿದ್ಯುತ್ ಕಂಪನಿ ಬಸ್ ನಿಲ್ದಾಣಗಳಲ್ಲಿ ಇಂಥ ದೀಪ ಹಾಕಿಸಿತ್ತು, ಬಸ್ಸಿಗೆ ಕಾಯುವ ಜನ ಬೆಳಕು ಕಾಯಿಸಿಕೊಳ್ಳಲಿ ಅಂತ. ನಾರ್ವೆಯ ರ್‍ಯೂಕಾನ್ ಅನ್ನುವ ಊರು ಕಣಿವೆಯಲ್ಲಿದೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಅಲ್ಲಿಗೆ ನೇರ ಬಿಸಿಲೇ ಬೀಳುವುದಿಲ್ಲ. ಅವರು 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿ ನಿಲ್ಲಿಸಿ ಬಿಸಿಲನ್ನು ಊರ ಚೌಕಕ್ಕೆ ಇಳಿಸಿಕೊಂಡರು. ಅಲ್ಲೇ ಹುಟ್ಟಿ ಬೆಳೆದ ಜನಕ್ಕೇ ಇಷ್ಟೆಲ್ಲ ಏರ್ಪಾಡು ಬೇಕು ಅಂದಮೇಲೆ, ಮೊನ್ನೆ ಆಗಸ್ಟಿನಲ್ಲಿ ಹೋದ ನಿನಗೆ ಬೇಡವೇ?

ನಿದ್ದೆಯ ವಿಷಯದಲ್ಲಿ ಒಂದೇ ಮಾತು: ಏಳುವ ಹೊತ್ತು ಬದಲಾಗಬಾರದು, ಭಾನುವಾರವೂ. ರಜೆ ಅಂತ ಹನ್ನೆರಡರವರೆಗೆ ಮಲಗಿದರೆ ಆ ದಿನದ ಹಗಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಯಿತು. ಆ ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರ ಮತ್ತೆ ಏಳಲಾಗುವುದಿಲ್ಲ. ಬಿಸಿ ಊಟವೂ ಹೊತ್ತಿಗೆ ಸರಿಯಾಗಿ ಆಗಲಿ. ಒಂದು ಕುಕ್ಕರ್ ಅನ್ನ, ಒಂದು ಸಾರು ನಿನಗೆ ಮಾಡಲು ಬರುತ್ತದೆ. ವಾರಕ್ಕೆರಡು ಸಲ ಮಾಡಿಟ್ಟುಕೊಂಡರೂ ಸಾಕು. ವಿಟಮಿನ್ ಡಿ ಅಲ್ಲಿ ಚಳಿಗಾಲದ ಬಿಸಿಲಿನಿಂದ ಸಿಗುವುದಿಲ್ಲ, ನಮ್ಮಂಥ ಕಂದು ಮೈಬಣ್ಣದವರಿಗೆ ಕೊರತೆ ಬೇಗ ಆಗುತ್ತದೆ, ಅದರ ಮೇಲೆ ನೀನು ಮೀನು ತಿನ್ನುವವನಲ್ಲ. ಅಲ್ಲಿನ ಹಾಲಿಗೆ ಅದನ್ನು ಸೇರಿಸಿರುತ್ತಾರೆ, ಆದರೂ ಪರೀಕ್ಷೆ ಮಾಡಿಸಿ ಮಾತ್ರೆ ಬೇಕಾ ಕೇಳು. ಅದರಿಂದಲೇ ಮನಸ್ಸು ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ, ಮೂಳೆಗಂತೂ ಬೇಕೇ ಬೇಕು. ಇನ್ನು ಕುಡಿತ. ನೀನು ಕುಡಿಯುತ್ತೀಯಾ ಇಲ್ಲವಾ ಅಂತ ನಾನು ಕೇಳುವುದಿಲ್ಲ. ಆದರೆ ಕತ್ತಲು ಕಳೆಯಲು ಒಬ್ಬನೇ ಕೂತು ಕುಡಿಯುವ ಅಭ್ಯಾಸಕ್ಕೆ ಬೀಳಬೇಡ. ಉಪ್ಸಾಲಾದಲ್ಲಿ ನಮ್ಮವರೇ ಕೆಲವರು ಹಾಗೆ ಬಿದ್ದು ಎದ್ದೇಳಲು ಒದ್ದಾಡಿದ್ದನ್ನು ನೋಡಿದ್ದೇನೆ.

ಜನರಿಂದ ದೂರ ಇರುವುದರ ಬಗ್ಗೆ ನನಗೆ ಹೆಚ್ಚು ಚಿಂತೆ. ಯಾರೊಂದಿಗೂ ಬೇಡ ಅನ್ನಿಸುವುದು ಈ ಕಾಯಿಲೆಯ ಲಕ್ಷಣ. ಅದು ಹೇಳಿದಂತೆ ಕೇಳುತ್ತಾ ಹೋದರೆ ಕಾಯಿಲೆ ಬಲಿಯುತ್ತದೆ. ಊರಿನಲ್ಲಿ ಈಗ ಮದುವೆಗಳ ಕಾಲ, ನಿನ್ನ ಫೋನಿನ ತುಂಬ ಚಪ್ಪರ, ಊಟದ ಪಂಕ್ತಿ, ನಗುವ ಮುಖಗಳು. ರಾತ್ರಿ ಹೊತ್ತು ಅವನ್ನೇ ನೋಡುತ್ತಾ ಮಲಗಿದರೆ ನೀನಿರುವ ಜಾಗ ಇನ್ನೂ ಕತ್ತಲೆಯಾಗಿ ಕಾಣುತ್ತದೆ. ಅಲ್ಲಿಯ ಜನವೂ ಈ ತಿಂಗಳಲ್ಲಿ ಬೆಳಕನ್ನು ಹೇಗೆಲ್ಲ ಹುಡುಕಿಕೊಳ್ಳುತ್ತಾರೆ ನೋಡು. ಮನೆಮನೆಯ ಕಿಟಕಿಯಲ್ಲಿ ಕಾಗದದ ನಕ್ಷತ್ರ, ಸಾಲುದೀಪ. 13ನೇ ತಾರೀಕು ಲೂಸಿಯಾ ಹಬ್ಬ. ಬಿಳಿ ಬಟ್ಟೆ ಹಾಕಿ, ಒಬ್ಬಳು ತಲೆಯ ಮೇಲೆ ದೀಪದ ಕಿರೀಟ ಇಟ್ಟುಕೊಂಡು, ಹಾಡುತ್ತಾ ಬರುತ್ತಾರೆ. ಕೇಸರಿ ಹಾಕಿದ ಬನ್ನು ಕೊಡುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ನಮ್ಮ ಕಾರ್ತಿಕದ ದೀಪೋತ್ಸವ ನೆನಪಾಗಿ ಕಣ್ಣು ತುಂಬಿತ್ತು. ನಿನ್ನ ಯೂನಿವರ್ಸಿಟಿಯಲ್ಲೂ ಇರುತ್ತದೆ, ಹೋಗು. ಮಾತಾಡಬೇಕು ಅಂತೇನಿಲ್ಲ, ಸುಮ್ನೆ ಜನರ ಮಧ್ಯೆ ನಿಂತು ಬಾ.

ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಎಂಬುವರು ಚಳಿಗಾಲದ ಖಿನ್ನತೆಗೆ ದೀಪದ ಚಿಕಿತ್ಸೆಯನ್ನೂ ಮಾತಿನ ಚಿಕಿತ್ಸೆಯನ್ನೂ ಹೋಲಿಸಿ ನೋಡಿದ್ದಾರೆ. ಆ ಚಳಿಗಾಲದ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡಿದವು. ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ, ಮಾತಿನ ಚಿಕಿತ್ಸೆ ಪಡೆದವರಲ್ಲಿ ತೊಂದರೆ ಮರುಕಳಿಸಿದ್ದು ಕಡಿಮೆ. "ಚಳಿಗಾಲ ಬಂತು, ಇನ್ನು ನನ್ನ ಕಥೆ ಮುಗಿಯಿತು" ಅನ್ನುವ ಯೋಚನೆಯನ್ನು ಹಿಡಿದು ತಿದ್ದುವುದು, ಬೇಡ ಅನ್ನಿಸಿದರೂ ಇಷ್ಟದ ಕೆಲಸ ಒಂದನ್ನು ದಿನಕ್ಕೆ ಹಚ್ಚಿಕೊಳ್ಳುವುದು, ಇದನ್ನು ಅಲ್ಲಿ ಕಲಿಸುತ್ತಾರೆ. ನಿನ್ನ ಯೂನಿವರ್ಸಿಟಿಯ ವಿದ್ಯಾರ್ಥಿ ಆರೋಗ್ಯ ಕೇಂದ್ರದಲ್ಲಿ ಇಂಥ ಸಲಹೆ ಕೊಡುವವರು ಇದ್ದಾರೆ. ಈ ವಾರವೇ ಅಪಾಯಿಂಟ್‌ಮೆಂಟ್ ತಗೋ. ಮಾನಸಿಕ ಡಾಕ್ಟರ ಹತ್ತಿರ ಹೋದೆ ಅಂತ ಊರಿನಲ್ಲಿ ಯಾರಾದರೂ ಏನಾದರೂ ಅಂದರೆ ಅದನ್ನು ನಾನು ನೋಡಿಕೊಳ್ಳುತ್ತೇನೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ದೀಪ, ವಾಕಿಂಗ್ ಅಂತ ಕಾಯಬೇಡ. ತಕ್ಷಣ 112ಕ್ಕೆ ಫೋನ್ ಮಾಡು. ಅಷ್ಟು ತುರ್ತಲ್ಲ, ಆದರೆ ಏನು ಮಾಡಬೇಕು ತಿಳಿಯುತ್ತಿಲ್ಲ ಅಂದರೆ 1177ಕ್ಕೆ ಮಾಡು, ರಾತ್ರಿ ಹಗಲು ನರ್ಸ್‌ಗಳು ಸಿಗುತ್ತಾರೆ. ಆಮೇಲೆ ನನಗೆ ಮಾಡು. ನನಗೆ ಎಷ್ಟು ಹೊತ್ತಾದರೂ ಪರವಾಗಿಲ್ಲ.

ಓದು ಬಿಡುವ ವಿಚಾರ. ಬಿಡಲೇಬಾರದು ಅಂತ ನಾನು ಹೇಳುವುದಿಲ್ಲ. ಡಿಸೆಂಬರಿನಲ್ಲಿ ತೀರ್ಮಾನ ಮಾಡಬೇಡ ಅನ್ನುತ್ತೇನೆ ಅಷ್ಟೇ. ಈಗ ನಿನಗೆ ಕೋರ್ಸು, ಊರು, ಗೆಳೆಯರು, ಮುಂದಿನ ಬದುಕು ಎಲ್ಲವೂ ಒಂದೇ ಬಣ್ಣದಲ್ಲಿ ಕಾಣುತ್ತಿವೆ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿನ ಹಗಲು ಒಂದು ಗಂಟೆಗೂ ಜಾಸ್ತಿ ಬೆಳೆದಿರುತ್ತದೆ. ಫೆಬ್ರವರಿ ಕೊನೆಗೆ ದಿನಕ್ಕೆ 6 ನಿಮಿಷಕ್ಕೂ ಹೆಚ್ಚು ಸೇರುತ್ತಾ ಹೋಗುತ್ತದೆ, ಒಂದು ವಾರದಲ್ಲೇ ಕಣ್ಣಿಗೆ ಕಾಣುವಷ್ಟು. ಮಾರ್ಚಿನಲ್ಲಿ ಕೂತು ಯೋಚಿಸು. ಆಗಲೂ ಇದು ನನಗೆ ಹೊಂದುವ ಓದಲ್ಲ ಅನ್ನಿಸಿದರೆ ಬಾ. ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ. ನಡುವೆ ಆರೋಗ್ಯ ತೀರಾ ಹದಗೆಟ್ಟರೆ, ಮಾರ್ಚಿಗೂ ಕಾಯಬೇಕಿಲ್ಲ. ಡಾಕ್ಟರು ಹೇಳಿದರೆ ಮರುದಿನವೇ ಹೊರಟು ಬಾ, ಓದು ಎಲ್ಲಿಗೂ ಓಡಿಹೋಗುವುದಿಲ್ಲ.

ಒಳ್ಳೆಯ ಉಣ್ಣೆ ಕಾಲುಚೀಲ, ಒಳಅಂಗಿ ಅಲ್ಲೇ ತಗೋ, ಇಲ್ಲಿನವು ಅಲ್ಲಿಗೆ ಸಾಲುವುದಿಲ್ಲ. ಕೋಟಿಗೆ ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ ಸಿಕ್ಕಿಸಿಕೋ, ಬೂಟಿಗೆ ಮಂಜುಗಡ್ಡೆಯ ಮೇಲೆ ಜಾರದಂತೆ ಮುಳ್ಳಿನ ಪಟ್ಟಿ ಹಾಕಿಕೋ. ದೀಪಕ್ಕೆ ಎಷ್ಟಾಗುತ್ತದೆ ನೋಡಿ ಇವತ್ತೇ ತಿಳಿಸು, ಮಾವ ಹಣ ಕಳಿಸುತ್ತಾರೆ. ಅಪಾಯಿಂಟ್‌ಮೆಂಟ್ ಯಾವತ್ತು ಸಿಕ್ಕಿತು ಅನ್ನುವುದನ್ನೂ ಬರೆ.

ಇಂತಿ ನಿನ್ನ ಪ್ರೀತಿಯ
ಅತ್ತೆ