ಬ್ರೂವರಿಗೆ ಸೇರುವ ಮುನ್ನ: ಮೇಘನಾಳಿಗೆ ಒಂದು ಪತ್ರ

ಲೀಡ್ಸ್

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಚಳಿ ಏರಿದ ಹಾಗೆ ನಿನ್ನ ದೊಡ್ಡಮ್ಮನ ಮಂಡಿನೋವೂ ಏರಿದೆ, ಅದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ.

ಎಡಿನ್‌ಬರೋದ ಹೆರಿಯಟ್-ವ್ಯಾಟ್‌ನಲ್ಲಿ ಓದು ಮುಗಿಯುವ ಮೊದಲೇ ನಿನಗೆ ಎರಡು ಕಡೆಯಿಂದ ಕೆಲಸದ ಕರೆ ಬಂದಿರುವುದು ತಿಳಿದು ಬಹಳ ಸಂತೋಷವಾಯಿತು. ಒಂದು ಕಡೆ ಜಗತ್ತಿನಾದ್ಯಂತ ಕಾರ್ಖಾನೆಗಳಿರುವ ದೊಡ್ಡ ಕಂಪನಿ, ಇನ್ನೊಂದು ಕಡೆ ಐದಾರು ತಲೆಮಾರಿನಿಂದ ಒಂದೇ ಕುಟುಂಬದ ಕೈಯಲ್ಲಿರುವ ಸಣ್ಣ ಊರಿನ ಬ್ರೂವರಿ. ಯಾವುದಕ್ಕೆ ಹೋಗಲಿ ಎಂದು ಕೇಳಿದ್ದೀಯೆ. ನಿನ್ನ ಅಪ್ಪನಿಗೆ ಈ ಉದ್ಯೋಗವೇ ಮನಸ್ಸಿಗೆ ಒಗ್ಗಿಲ್ಲ. ಮೂವತ್ತೈದು ವರ್ಷಗಳ ಹಿಂದೆ ನಾನು ಬ್ರೂವರಿಯ ಪ್ರಯೋಗಾಲಯಕ್ಕೆ ಸೇರಿದಾಗ ನಿನ್ನ ಅಜ್ಜನಿಗೂ ಒಗ್ಗಿರಲಿಲ್ಲ. ಆ ಮಾತನ್ನು ನಾನು ತಮ್ಮನೊಂದಿಗೆ ಪ್ರತ್ಯೇಕವಾಗಿ ಆಡುತ್ತೇನೆ. ನೀನು ಕೇಳಿದ್ದಕ್ಕೆ ಮಾತ್ರ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೋ. ಇಂಗ್ಲೆಂಡಿನ ಊರೂರಿನ ಬ್ರೂವರಿಗಳು ಮುಚ್ಚಿದ್ದು ಅವುಗಳ ಬಿಯರನ್ನು ಜನ ಕುಡಿಯದೆ ಹೋದದ್ದರಿಂದ ಎಂದು ನಿಮ್ಮ ತರಗತಿಯಲ್ಲಿ ಯಾರಾದರೂ ಹೇಳಿದ್ದರೆ, ಅದು ಅರ್ಧ ಸತ್ಯ. ತಂಪಿನಲ್ಲಿ ಹುದುಗಿಸುವ ತಿಳಿಬಣ್ಣದ ಲಾಗರ್ ಬಿಯರು ಬಂದದ್ದು ನಿಜ. 1960ರ ದಶಕದಲ್ಲಿ ಲೆಕ್ಕಕ್ಕೇ ಇರದಿದ್ದ ಅದು 1990ರ ಹೊತ್ತಿಗೆ ಮಾರುಕಟ್ಟೆಯ ಅರ್ಧದಷ್ಟನ್ನು ಹಿಡಿದಿತ್ತು. ಹಳೆಯ ಬ್ರೂವರಿಗಳೆಲ್ಲ ಒಳ್ಳೆಯ ಬಿಯರನ್ನೇ ಮಾಡುತ್ತಿದ್ದವು ಎಂದೂ ನಾನು ಹೇಳಲಾರೆ; ಹುಳಿ ಹಿಡಿದು ಪಬ್ಬಿನಿಂದ ವಾಪಸು ಬಂದ ಪೀಪಾಯಿಗಳನ್ನು ನಾನೇ ಪರೀಕ್ಷಿಸಿದ್ದೇನೆ. ಆದರೂ ನಾನು ಕಂಡಂತೆ ಬಹುಪಾಲು ಬ್ರೂವರಿಗಳ ಆಯುಷ್ಯವನ್ನು ತೀರ್ಮಾನಿಸಿದ್ದು ಬಿಯರಲ್ಲ. ಕಾಲ ಕೆಳಗಿನ ನೆಲದ ಬೆಲೆ ಮತ್ತು ಷೇರುಗಳು ಯಾರ ಪೆಟ್ಟಿಗೆಯಲ್ಲಿವೆ ಎಂಬ ಸಂಗತಿ, ಇವೆರಡೇ.

ಇದು ಹೊಸ ಕಥೆಯೂ ಅಲ್ಲ. ಇಲ್ಲಿನ ಬ್ರೂವರಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ತಮ್ಮ ಬಿಯರಿನ ಮಾರಾಟವನ್ನು ಭದ್ರಪಡಿಸಿಕೊಳ್ಳಲು ಪಬ್‌ಗಳನ್ನೇ ಕೊಂಡುಕೊಂಡವು. ಬ್ರೂವರಿಯ ಒಡೆತನದ ಪಬ್ಬು ಆ ಬ್ರೂವರಿಯ ಬಿಯರನ್ನೇ ಮಾರಬೇಕು. ಇದಕ್ಕೆ ಟೈಡ್ ಹೌಸ್ ಪದ್ಧತಿ ಎನ್ನುತ್ತಾರೆ. ಹೀಗೆ ಕೊಂಡ ಪಬ್‌ಗಳು ಊರಿನ ಮುಖ್ಯ ಬೀದಿಗಳಲ್ಲಿ, ಮೂಲೆ ನಿವೇಶನಗಳಲ್ಲಿ ಇದ್ದವು. ಎರಡನೆಯ ಮಹಾಯುದ್ಧದ ನಂತರ ನೆಲದ ಬೆಲೆ ಏರಿತು. ಬ್ರೂವರಿಗಳ ಲೆಕ್ಕಪುಸ್ತಕದಲ್ಲಿ ಮಾತ್ರ ಹಳೆಯ ಬೆಲೆಯೇ ಉಳಿದಿತ್ತು. 1959ರಲ್ಲಿ ಚಾರ್ಲ್ಸ್ ಕ್ಲೋರ್ ಎಂಬ ಉದ್ಯಮಿ ಲಂಡನ್ನಿನ ವಾಟ್ನಿ ಮಾನ್ ಕಂಪನಿಯನ್ನು ಕೊಳ್ಳಲು ಕೈಹಾಕಿದರು. ಅವರ ಕಣ್ಣಿದ್ದದ್ದು ಬಿಯರಿನ ಮೇಲಲ್ಲ, ಕಟ್ಟಡಗಳ ಮೇಲೆ. ಆ ಪ್ರಯತ್ನ ಫಲಿಸಲಿಲ್ಲ, ಆದರೆ ದೇಶದ ಬ್ರೂವರಿ ಮನೆತನಗಳಿಗೆಲ್ಲ ನಡುಕ ಹುಟ್ಟಿತು. ನುಂಗುವವರ ಕೈಗೆ ಸಿಗಬಾರದೆಂದು ಒಬ್ಬರನ್ನೊಬ್ಬರು ಕೂಡಿಕೊಂಡರು, ಹಲವರು ದೊಡ್ಡವರ ಆಸರೆ ಬಯಸಿದರು. ವಿಟ್‌ಬ್ರೆಡ್ ಕಂಪನಿ ಸಣ್ಣ ಬ್ರೂವರಿಗಳಲ್ಲಿ ಒಂದಿಷ್ಟು ಷೇರು ಕೊಂಡು ಅವುಗಳಿಗೆ ರಕ್ಷಣೆ ಕೊಡುತ್ತಿತ್ತು. ಆಗ ಅದನ್ನು ವಿಟ್‌ಬ್ರೆಡ್ಡಿನ ಕೊಡೆ ಎಂದೇ ಕರೆಯುತ್ತಿದ್ದರು. ಅದೇ ಕಂಪನಿ 1960ರ ದಶಕ ಮುಗಿಯುವುದರೊಳಗೆ ಕೊಡೆಯ ಕೆಳಗೆ ನಿಂತಿದ್ದ ಹಲವರನ್ನು ತನ್ನೊಳಗೇ ಸೇರಿಸಿಕೊಂಡಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. 1970ರ ಹೊತ್ತಿಗೆ ಬಾಸ್ ಚಾರಿಂಗ್ಟನ್, ಅಲೈಡ್, ವಿಟ್‌ಬ್ರೆಡ್, ವಾಟ್ನಿ ಮಾನ್, ಕರೇಜ್, ಸ್ಕಾಟಿಷ್ ಅಂಡ್ ನ್ಯೂಕಾಸಲ್ ಎಂಬ ಆರು ಕಂಪನಿಗಳು ದೇಶದ ಬಹುಪಾಲು ಬಿಯರನ್ನು ತಯಾರಿಸುವಂತಾಗಿದ್ದವು.

1989ರ ಸರ್ಕಾರಿ ಆದೇಶಗಳ ವಿಷಯವನ್ನು ನೀನು ಪರೀಕ್ಷೆಗೆ ಓದಿರುತ್ತೀಯೆ. ಎರಡು ಸಾವಿರಕ್ಕಿಂತ ಹೆಚ್ಚು ಪಬ್‌ಗಳಿದ್ದ ಬ್ರೂವರಿಗಳು ಹೆಚ್ಚುವರಿಯ ಅರ್ಧದಷ್ಟನ್ನು ಮಾರಬೇಕು ಇಲ್ಲವೇ ಕಟ್ಟಿನಿಂದ ಬಿಡಬೇಕು ಎಂದಾಯಿತು. ಉದ್ದೇಶ ಒಳ್ಳೆಯದೇ: ಪಬ್ಬಿನವನಿಗೆ ಬೇಕಾದ ಬಿಯರು ತರಿಸುವ ಸ್ವಾತಂತ್ರ್ಯ ಸಿಗಲಿ, ಸಣ್ಣ ಬ್ರೂವರಿಗಳಿಗೆ ಹೊಸ ಬಾಗಿಲು ತೆರೆಯಲಿ ಎಂದು. ಆಗಿದ್ದೇ ಬೇರೆ. ದೊಡ್ಡ ಬ್ರೂವರಿಗಳು ಮಾರಿದ ಪಬ್‌ಗಳನ್ನು ಬಿಯರನ್ನೇ ಮಾಡದ ಹೊಸ ಕಂಪನಿಗಳು ಸಾವಿರಗಟ್ಟಲೆ ಕೊಂಡವು. ಪಂಚ್ ಟ್ಯಾವರ್ನ್ಸ್, ಎಂಟರ್‌ಪ್ರೈಸ್ ಇನ್ಸ್‌ನಂಥವು ಬೆಳೆದದ್ದು ಹಾಗೆ. ಕಟ್ಟು ಬಿಚ್ಚಲು ಹೋಗಿ ಹಗ್ಗದ ತುದಿಯನ್ನು ಬೇರೊಬ್ಬರ ಕೈಗೆ ಕೊಟ್ಟಂತಾಯಿತು. ಸಗಟು ರಿಯಾಯಿತಿ ಯಾರು ಹೆಚ್ಚು ಕೊಡುತ್ತಾರೋ ಅವರ ಬಿಯರು ಒಳಗೆ ಬಂತು, ಆ ರಿಯಾಯಿತಿ ಕೊಡುವ ಶಕ್ತಿ ಇದ್ದದ್ದು ಬಹಳ ದೊಡ್ಡವರಿಗೆ ಮಾತ್ರ. ಕೆಳಗಿನಿಂದಲೂ ಒತ್ತಡ ಬಂತು. 2002ರಲ್ಲಿ ವರ್ಷಕ್ಕೆ ಐದು ಲಕ್ಷ ಲೀಟರಿನೊಳಗೆ ತಯಾರಿಸುವ ಬ್ರೂವರಿಗಳಿಗೆ ಸುಂಕವನ್ನು ಅರ್ಧಕ್ಕಿಳಿಸಿದರು. ಹೊಸಬರು ನೂರಾರು ಜನ ಹುಟ್ಟಿಕೊಂಡರು, ಅದು ಒಳ್ಳೆಯದೇ ಆಯಿತು. ನಡುವಿನ ಗಾತ್ರದ ಹಳೆಯ ಬ್ರೂವರಿಗೆ ಮಾತ್ರ ಪೂರ್ತಿ ಸುಂಕ ಕಟ್ಟಿ, ಮೇಲಿನವರ ಬೆಲೆಯೊಂದಿಗೂ ಕೆಳಗಿನವರ ಬೆಲೆಯೊಂದಿಗೂ ಸೆಣಸಬೇಕಾದ ಸ್ಥಿತಿ ಬಂತು. ಅತ್ತ ದರಿ, ಇತ್ತ ಪುಲಿ.

ಎಡಿನ್‌ಬರೋ ಮೂಲದ ಸ್ಕಾಟಿಷ್ ಅಂಡ್ ನ್ಯೂಕಾಸಲ್ ಕಂಪನಿಗೆ ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನಲ್ಲೂ ಪಾಲಿತ್ತು. 2008ರಲ್ಲಿ ಆ ಕಂಪನಿಯನ್ನು ಹೈನೆಕೆನ್ ಮತ್ತು ಕಾರ್ಲ್ಸ್‌ಬರ್ಗ್ ಸೇರಿ ಕೊಂಡಾಗ ಬೆಂಗಳೂರಿನ ಪಾಲು ಹೈನೆಕೆನ್‌ಗೆ ಹೋಯಿತು. 2021ರಲ್ಲಿ ಯುನೈಟೆಡ್ ಬ್ರೂವರೀಸ್ ಹೈನೆಕೆನ್ ಹಿಡಿತಕ್ಕೆ ಬಂತು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಸಣ್ಣ ಬ್ರೂವರಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಸಂಸ್ಥೆ ಅದು. ನೀನು ಬೆಂಗಳೂರಿಗೆ ಹಿಂದಿರುಗಿ ಕೆಲಸ ಹುಡುಕಿದರೂ ಇದೇ ಲೆಕ್ಕ ನಿನ್ನ ಬೆನ್ನಿಗಿರುತ್ತದೆ ಎಂಬುದಕ್ಕಾಗಿ ಇದನ್ನು ಬರೆದೆ.

ಈಗ ನನ್ನದೇ ಒಂದು ತಪ್ಪನ್ನು ನಿನಗೆ ಹೇಳಬೇಕು. ನಿನ್ನ ದೊಡ್ಡಮ್ಮನಿಗೆ ಬಿಟ್ಟರೆ ಇದುವರೆಗೆ ಯಾರಿಗೂ ಹೇಳಿದ್ದಿಲ್ಲ. ನಾನು ಹೆಚ್ಚು ಕಾಲ ಕೆಲಸ ಮಾಡಿದ ಬ್ರೂವರಿಯನ್ನು ಒಂದು ದೊಡ್ಡ ಕಂಪನಿ ಕೊಂಡಿತು. ಆ ಎರಡರ ಹೆಸರೂ ಇಲ್ಲಿ ಬೇಡ. ಎರಡು ವರ್ಷ ಏನೂ ಆಗಲಿಲ್ಲ. ಆಮೇಲೊಂದು ದಿನ ಬಿಯರನ್ನು ಹುದುಗಿಸುವ ನಮ್ಮ ಯೀಸ್ಟಿನ ಮಾದರಿಯನ್ನೂ ನೀರಿನ ವಿಶ್ಲೇಷಣೆಯನ್ನೂ ನೂರಾರು ಮೈಲಿ ದೂರದ ಕಾರ್ಖಾನೆಗೆ ಕಳಿಸುವಂತೆ ನನಗೆ ಆದೇಶ ಬಂತು. ಬೇಡಿಕೆ ಹೆಚ್ಚಾದಾಗ ನೆರವಾಗಲು ಅಲ್ಲಿಯೂ ನಮ್ಮ ಬಿಯರನ್ನು ಮಾಡಿ ನೋಡುತ್ತೇವೆ ಎಂದರು. ಅಲ್ಲಿಂದ ಬಂದ ಬಿಯರನ್ನು ನಮ್ಮದರ ಪಕ್ಕದಲ್ಲಿಟ್ಟು, ಯಾವುದು ಯಾವುದೆಂದು ತಿಳಿಸದೆ ರುಚಿ ನೋಡಿಸಿ, ವರದಿ ಬರೆಯುವುದು ನನ್ನ ಪಾಲಿಗೆ ಬಂತು. ಮೂರನೆಯ ಪ್ರಯತ್ನದಲ್ಲಿ ವ್ಯತ್ಯಾಸ ಗುರುತಿಸಲಾಗದಷ್ಟು ಹತ್ತಿರ ಬಂದಿತ್ತು. ಗಮನಾರ್ಹ ವ್ಯತ್ಯಾಸವಿಲ್ಲ ಎಂದು ಬರೆದು ಸಹಿ ಹಾಕಿದೆ. ಪರೀಕ್ಷೆಯ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಪೀಪಾಯಿಯನ್ನು ತೆರೆದ ಮೂರನೆಯ ದಿನ ಎರಡರಲ್ಲೂ ಹೇಗೆ ರುಚಿ ಬರುತ್ತದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನಾಗಿ ಬರೆಯಲೂ ಇಲ್ಲ. ಎಂಟು ತಿಂಗಳ ನಂತರ ಬ್ರೂವರಿ ಮುಚ್ಚುವ ಪ್ರಕಟಣೆಯಲ್ಲಿ ಆ ವರದಿಯ ಸಾಲೇ ಇತ್ತು.

ಕೊನೆಯ ದಿನ ನಾನು ಹುದುಗಿಸುವ ಕೋಣೆಯಲ್ಲಿದ್ದೆ. ಕೊನೆಯ ಬಿಯರಿನ ಮೇಲೆ ಕಟ್ಟಿದ್ದ ಯೀಸ್ಟಿನ ಕೆನೆ, ಯಾವತ್ತಿನಂತೆಯೇ ಹೂಕೋಸಿನ ಹಾಗೆ ಉಬ್ಬಿ, ನಡುವೆ ಕಂದು ಗೀರುಗಳನ್ನು ಮೂಡಿಸಿಕೊಂಡು ನಿಂತಿತ್ತು. ದಿನವೂ ಅದನ್ನು ತೆಗೆದು ಮುಂದಿನ ಬಿಯರಿಗೆ ಎತ್ತಿಡುತ್ತಿದ್ದ ಕೆಲಸಗಾರ ಅಂದೂ ಅಭ್ಯಾಸಬಲದಿಂದ ಬಕೆಟ್ಟಿಗೆ ತುಂಬಿದ. ತುಂಬಿದ ಮೇಲೆ ಇದನ್ನೆಲ್ಲಿ ಇಡಲಿ ಎಂಬಂತೆ ನನ್ನ ಮುಖ ನೋಡಿದ. ಒಂದು ಚಿಕ್ಕ ಸೀಸೆಯಷ್ಟನ್ನು ನಾನು ತೆಗೆದುಕೊಂಡೆ. ಉಳಿದದ್ದನ್ನು ಅವನು ನೀರು ಬಿಟ್ಟು ಮೋರಿಗೆ ಹರಿಸಿದ.

ನಮ್ಮ ಮನೆಯ ಹೆಪ್ಪಿನ ವಿಷಯ ನಿನಗೆ ಗೊತ್ತಲ್ಲ? ಅಜ್ಜಿಯ ಮನೆಯ ಮೊಸರು ಯಾವತ್ತಾದರೂ ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತಿದ್ದೆವು, ಅವರದು ಕೆಟ್ಟರೆ ನಮ್ಮಲ್ಲಿಗೆ ಬರುತ್ತಿದ್ದರು. ಇಲ್ಲಿನ ಬ್ರೂವರಿಗಳೂ ಹಾಗೆಯೇ ನಡೆದುಕೊಂಡು ಬಂದವು. ದಕ್ಷಿಣದ ಲೂಯಿಸ್ ಊರಿನ ಹಾರ್ವೀಸ್ ಬ್ರೂವರಿ 1957ರಲ್ಲಿ ಯಾರ್ಕ್‌ಶೈರಿನ ಟ್ಯಾಡ್ಕಾಸ್ಟರ್‌ನಿಂದ, ಜಾನ್ ಸ್ಮಿತ್ಸ್ ಬ್ರೂವರಿಯಿಂದ, ಯೀಸ್ಟನ್ನು ತಂದುಕೊಂಡಿತು. ಅದನ್ನೇ ಒಂದು ಬಿಯರಿನಿಂದ ಮುಂದಿನದಕ್ಕೆ ಎತ್ತಿಡುತ್ತಾ ಇಂದಿಗೂ ನಡೆಸಿಕೊಂಡು ಬಂದಿದೆ. ಒಂದೊಂದು ಬ್ರೂವರಿ ಮುಚ್ಚಿದಾಗಲೂ ಹೆಪ್ಪು ಕೇಳಲು ಹೋಗಬಹುದಾಗಿದ್ದ ಒಂದು ಮನೆ ಇಲ್ಲವಾಗುತ್ತದೆ. ನಾರಿಚ್‌ನ ರಾಷ್ಟ್ರೀಯ ಯೀಸ್ಟ್ ಸಂಗ್ರಹದಲ್ಲಿ ತಳಿಗಳನ್ನು ಜೋಪಾನ ಮಾಡಿದ್ದಾರೆ, ಅದು ಪುಣ್ಯದ ಕೆಲಸ. ಆದರೆ ಶೈತ್ಯದಲ್ಲಿ ಮಲಗಿರುವ ತಳಿ ಬೇರೆ, ವಾರವಾರ ಕೆಲಸ ಮಾಡಿ ಆ ಊರಿನ ತೊಟ್ಟಿಗೆ ಒಗ್ಗಿಹೋದ ಯೀಸ್ಟ್ ಬೇರೆ.

ಉಪಕರಣಗಳ ಮಾತೂ ಅಷ್ಟೇ. ಬರ್ಟನ್ ಅಪಾನ್ ಟ್ರೆಂಟ್‌ಗೆ ನಾನು ಹೋಗಿದ್ದಾಗ ಮಾರ್ಸ್ಟನ್ಸ್ ಬ್ರೂವರಿಯ ಯೂನಿಯನ್ ಸಾಲುಗಳನ್ನು ನೋಡಿದ್ದೆ. ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿರುತ್ತವೆ. ಒಳಗೆ ಬಿಯರು ಹುದುಗುತ್ತಿದ್ದಂತೆ ನೊರೆಯು ಪ್ರತಿ ಪೀಪಾಯಿಯ ಬೆನ್ನ ಮೇಲಿನ ಹಂಸಕತ್ತಿನ ಕೊಳವೆಯಲ್ಲಿ ಏರಿ ಮೇಲಿನ ಉದ್ದನೆಯ ತೊಟ್ಟಿಗೆ ಬೀಳುತ್ತದೆ. ಯೀಸ್ಟ್ ತೊಟ್ಟಿಯಲ್ಲಿ ಉಳಿದು ಬಿಯರು ಮಾತ್ರ ಕೆಳಗೆ ಹರಿದು ಪೀಪಾಯಿಗೆ ಮರಳುತ್ತದೆ. ಹತ್ತೊಂಬತ್ತನೆಯ ಶತಮಾನದಿಂದ ಬಂದ ಪದ್ಧತಿ. ಮಾರ್ಸ್ಟನ್ಸ್ ಕಾರ್ಲ್ಸ್‌ಬರ್ಗ್ ಜೊತೆಗೂಡಿ 2020ರಲ್ಲಿ ಕಟ್ಟಿದ ಕಂಪನಿ 2024ರಲ್ಲಿ ಅವನ್ನು ನಿಲ್ಲಿಸಿತು. ಒಂದು ಸಾಲನ್ನು ಡರ್ಬಿಶೈರಿನ ಥಾರ್ನ್‌ಬ್ರಿಜ್ ಬ್ರೂವರಿಯವರು ಕಾಪಾಡಿಕೊಂಡರು. ಅದೇ ವರ್ಷ ಮಾರ್ಸ್ಟನ್ಸ್ ಆ ಕಂಪನಿಯಲ್ಲಿದ್ದ ತನ್ನ ಉಳಿದ ಪಾಲನ್ನೂ ಕಾರ್ಲ್ಸ್‌ಬರ್ಗ್‌ಗೆ ಮಾರಿ ಬರಿಯ ಪಬ್ ಕಂಪನಿಯಾಯಿತು. ಲಂಡನ್ನಿನ ಫುಲ್ಲರ್ಸ್ 2019ರಲ್ಲೇ ಇದೇ ದಾರಿ ಹಿಡಿದಿತ್ತು: 25 ಕೋಟಿ ಪೌಂಡಿಗೆ ಬಿಯರಿನ ವ್ಯವಹಾರವನ್ನು ಜಪಾನಿನ ಅಸಾಹಿ ಕಂಪನಿಗೆ ಕೊಟ್ಟು ಪಬ್‌ಗಳನ್ನು ಉಳಿಸಿಕೊಂಡಿತು. ಇನ್ನು ಇಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ, 1822ರಿಂದ ನಡೆದಿದ್ದ ಟೆಟ್ಲಿ ಬ್ರೂವರಿ 2011ರಲ್ಲಿ ಮುಚ್ಚಿತು. ಮ್ಯಾಂಚೆಸ್ಟರಿನ ಬಾಡಿಂಗ್ಟನ್ಸ್ ಇದ್ದ ಸ್ಟ್ರೇಂಜ್‌ವೇಸ್ ಬ್ರೂವರಿಯನ್ನು ಕೆಡವಿದ್ದು 2007ರಲ್ಲಿ. ವಾಂಡ್ಸ್‌ವರ್ತ್‌ನ ಯಂಗ್ಸ್ ಬ್ರೂವರಿ 2006ರಲ್ಲಿ ನಿಂತಿತು; ಎಲ್ಲರೂ ಅನಿಲದ ಒತ್ತಡದಲ್ಲಿ ಬರುವ ಕೆಗ್ ಬಿಯರಿನ ಹಿಂದೆ ಓಡುತ್ತಿದ್ದಾಗ ಪೀಪಾಯಿಯ ಬಿಯರನ್ನು ಬಿಡದೆ ಹಿಡಿದಿದ್ದ ಅದರ ಅಧ್ಯಕ್ಷ ಜಾನ್ ಯಂಗ್ ಬಾಗಿಲು ಮುಚ್ಚುವ ಕೆಲವೇ ದಿನ ಮುಂಚೆ ತೀರಿಕೊಂಡರು. ಆ ನೆಲದ ಮೇಲೆ ಈಗ ವಸತಿ ಕಟ್ಟಡಗಳಿವೆ.

ಹಾಗಾದರೆ ಆ ಸಣ್ಣ ಬ್ರೂವರಿಗೆ ಹೋಗಬೇಡ ಎನ್ನುತ್ತಿದ್ದೇನೆಯೇ? ಇಲ್ಲ, ಹೋಗು ಎಂದೇ ನನ್ನ ಅಭಿಪ್ರಾಯ. ದೊಡ್ಡ ಕಾರ್ಖಾನೆಯಲ್ಲಿ ನೀನು ಪರದೆಯ ಮುಂದೆ ಕುಳಿತು ಒಂದು ಹಂತವನ್ನು ಚೆನ್ನಾಗಿ ಕಲಿಯುತ್ತೀಯೆ. ಅಲ್ಲಿನ ಶಿಸ್ತು ದೊಡ್ಡದು, ಅದನ್ನು ಕಡೆಗಣಿಸಬೇಡ, ಐದು ವರ್ಷದ ನಂತರವೂ ಆ ಬಾಗಿಲು ನಿನಗೆ ತೆರೆದಿರುತ್ತದೆ. ಸಣ್ಣ ಕಡೆ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಇಳಿಸುವುದರಿಂದ ಹಿಡಿದು ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿ ತಿಳಿಯಾಗಲು ಎಷ್ಟು ಹೊತ್ತು ಬಿಡಬೇಕು ಎಂಬವರೆಗೆ ನಿನ್ನ ಕೈಯೇ ಆಡುತ್ತದೆ. ಆದರೆ ಬಿಯರು ಕಲಿತರೆ ಸಾಕು ಎಂದುಕೊಂಡು ನಾನಿದ್ದಂತೆ ನೀನು ಇರಬೇಡ. ಕಂಪನಿಯ ವಾರ್ಷಿಕ ಲೆಕ್ಕಪತ್ರಗಳು ಇಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಒಪ್ಪಿಗೆ ಕೊಡುವ ಮುನ್ನ ಕಳೆದ ಐದು ವರ್ಷದ ಲೆಕ್ಕ ಓದು. ಲಾಭ ಬಂದದ್ದು ಬ್ರೂವರಿಯಿಂದಲೋ ಪಬ್‌ಗಳಿಂದಲೋ ನೋಡು. ಪಬ್‌ಗಳಿಂದಲೇ ಎಲ್ಲವೂ ಬರುತ್ತಿದ್ದರೆ, ಬಿಯರನ್ನು ಹೊರಗೆ ಮಾಡಿಸಿದರಾಗದೇ ಎಂದು ಮಂಡಳಿಯಲ್ಲಿ ಯಾರಾದರೊಬ್ಬರು ಕೇಳಿಯೇ ಇರುತ್ತಾರೆ. ಹೊಸ ತೊಟ್ಟಿಗೆ, ಬಾಯ್ಲರಿಗೆ ದುಡ್ಡು ಹಾಕಿದ್ದಾರೆಯೇ, ಇಲ್ಲವೇ ರಿಪೇರಿಯನ್ನೂ ಮುಂದೂಡುತ್ತಾ ಬಂದಿದ್ದಾರೆಯೇ ಎಂಬುದನ್ನು ಅದರಲ್ಲೇ ಕಾಣಬಹುದು. ಷೇರುಗಳು ಬ್ರೂವರಿಯ ಮೆಟ್ಟಿಲು ಹತ್ತುವವರ ಕೈಯಲ್ಲಿವೆಯೇ, ಅಥವಾ ವರ್ಷಕ್ಕೊಮ್ಮೆ ಲಾಭಾಂಶದ ಚೆಕ್ ಮಾತ್ರ ಕಾಣುವ ದೂರದ ದಾಯಾದಿಗಳಲ್ಲಿ ಹಂಚಿಹೋಗಿವೆಯೇ ಎಂಬುದನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ನೋಡು.

ಮಾಶಮ್ ಊರಿನ ಥೀಕ್‌ಸ್ಟನ್ ಮನೆತನದಲ್ಲಿ ಆದದ್ದು ಇದೇ. ಮನೆಯವರಲ್ಲಿ ಒಡಕು ಬಂದು 1984ರಲ್ಲಿ ಬ್ರೂವರಿ ಪರರ ಪಾಲಾಯಿತು, ಮೂರೇ ವರ್ಷದಲ್ಲಿ ಅಲ್ಲಿಂದ ಸ್ಕಾಟಿಷ್ ಅಂಡ್ ನ್ಯೂಕಾಸಲ್ ಕೈಗೆ ಹೋಯಿತು. ಪಾಲ್ ಥೀಕ್‌ಸ್ಟನ್ ಹೊರಬಂದು 1992ರಲ್ಲಿ ಅದೇ ಊರಿನಲ್ಲಿ ಬ್ಲ್ಯಾಕ್ ಶೀಪ್ ಎಂಬ ಬೇರೆ ಬ್ರೂವರಿ ತೆರೆದರು. ಅದೇ ಮನೆತನದ ನಾಲ್ವರು ಅಣ್ಣತಮ್ಮಂದಿರು 2003ರಲ್ಲಿ ಹಳೆಯದನ್ನು ಮರಳಿ ಕೊಂಡರು. ಹೋದದ್ದು ಹಿಂದಿರುಗಿ ಬಂದ ಇಂಥ ಉದಾಹರಣೆ ಅಪರೂಪ. ಬ್ಲ್ಯಾಕ್ ಶೀಪ್ 2023ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿ ಹೊಸ ಹೂಡಿಕೆದಾರರ ಕೈ ಸೇರಿತು ಎಂಬುದನ್ನೂ ಮರೆಮಾಚದೆ ಹೇಳಬೇಕು.

ಕುಡಿಯುವವರ ಬಲವನ್ನೂ ಲೆಕ್ಕಕ್ಕೆ ಹಿಡಿ. 2006ರ ಡಿಸೆಂಬರಿನಲ್ಲಿ ಗ್ರೀನ್ ಕಿಂಗ್ ಕಂಪನಿ ಲೂಯಿಸ್ ಊರಿನಲ್ಲಿ ತನ್ನ ಒಡೆತನದ ಲೂಯಿಸ್ ಆರ್ಮ್ಸ್ ಪಬ್ಬಿನಿಂದ ಆ ಊರಿನದೇ ಹಾರ್ವೀಸ್ ಬಿಯರನ್ನು ತೆಗೆದಾಗ ಊರಿನವರು ಒಳಗೆ ಕಾಲಿಡದೆ ಚಳಿಯಲ್ಲಿ ಬಾಗಿಲ ಹೊರಗೆ ನಿಂತರು. ನಾಲ್ಕು ತಿಂಗಳ ನಂತರ, ಏಪ್ರಿಲ್‌ನಲ್ಲಿ, ಹಾರ್ವೀಸ್ ವಾಪಸು ಬಂತು. ನೀನು ಸೇರುವ ಊರಿನಲ್ಲಿ ಸಂಜೆ ಎರಡು ಪಬ್‌ಗಳಿಗೆ ಹೋಗಿ ಕೂತು, ಆ ಬ್ರೂವರಿಯನ್ನು ಜನ ನಮ್ಮದು ಎನ್ನುತ್ತಾರೋ ಅವರದು ಎನ್ನುತ್ತಾರೋ ಕೇಳಿಸಿಕೋ.

ಒಳಗೆ ಸೇರಿದ ಮೇಲೆ, ನಿನ್ನ ಸಹಿ ಬೇಕೆಂದು ಯಾವ ವರದಿ ಬಂದರೂ, ಇದನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಬರವಣಿಗೆಯಲ್ಲಿ ಕೇಳು. ಕೇಳದೆ ಉಳಿದದ್ದನ್ನೂ ಅದರಲ್ಲಿ ಬರೆ. ಮೂರನೆಯ ದಿನದ ರುಚಿಯನ್ನು ಬರೆ.

ಆ ಸಣ್ಣ ಬ್ರೂವರಿಯ ಲೆಕ್ಕಪತ್ರಗಳನ್ನು ತರಿಸಿಕೊಂಡರೆ ನನಗೂ ಒಂದು ಪ್ರತಿ ಕಳಿಸು, ಇಬ್ಬರೂ ಕೂಡಿ ಓದೋಣ. ಕ್ರಿಸ್‌ಮಸ್ ರಜೆಗೆ ತಪ್ಪದೆ ಇಲ್ಲಿಗೆ ಬಾ. ಸೀಸೆಯಲ್ಲಿ ತಂದ ಯೀಸ್ಟನ್ನು ನಾನು ಇಷ್ಟು ವರ್ಷವೂ ತಿಂಗಳು ತಿಂಗಳು ಯೀಸ್ಟ್ ಬೆಳೆಯುವ ಜೆಲ್ಲಿಯಂಥ ಹೊಸ ಅಗಾರ್‌ಗೆ ಬದಲಿಸುತ್ತಾ ಅಡಿಗೆಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಅದನ್ನು ಹೇಗೆ ಬದಲಿಸುವುದೆಂದು ನಿನಗೆ ತೋರಿಸಿಕೊಡಬೇಕು.

ಇತಿ,
ನಿನ್ನ ದೊಡ್ಡಪ್ಪ